ಮುಗ್ಗಲು ಹಿಡಿದ ಪಾವುಡಗಳು

ಬಹಳ ಬಹಳ ಹಿಂದೆ, ಕಾಡಿನ ಪ್ರಾಣಿಗಳು ಮನುಷ್ಯರೊಡನೆ ಮಾತಾಡುತ್ತಿದ್ದ ಕಾಲದಲ್ಲಿ, ಬೆಳ್ದಾವರೆ ಎಂಬ ರಾಜ್ಯವಿತ್ತು. ಅಲ್ಲಿ ಹೊಳೆಯ ದಂಡೆಯಲ್ಲಿ ಮಾಚವ್ವ ಎಂಬ ಮಡಿವಾಳಗಿತ್ತಿ ತನ್ನ ಒಬ್ಬಳೇ ಮಗಳು ಸಂಪಿಯ ಜೊತೆ ಬಾಳುತ್ತಿದ್ದಳು. ಅರಮನೆಯಿಂದ ಗುಡಿಸಲಿನವರೆಗೆ ಎಲ್ಲರೂ ಮಿಂದು ಮೈ ಒರೆಸಿಕೊಳ್ಳುವ ಪಾವುಡಗಳನ್ನು ಒಗೆಯುವವಳು ಅವಳೇ.

ಒಂದು ದಿನ ಮಬ್ಬುಗಿರಿಯ ಮಾಂತ್ರಿಕ ಕಾವಳ ಎಂಬವನು ರಾಜ್ಯದ ಬಿಸಿಲನ್ನೆಲ್ಲ ತನ್ನ ಕರಿ ಕಂಬಳಿಯಲ್ಲಿ ಸುತ್ತಿ ಹೊತ್ತುಕೊಂಡು ಹೋದ. ಬಿಸಿಲು ತಾಗಿದರೆ ಅವನ ಮೈ ಪುಡಿಯಾಗುತ್ತಿತ್ತು, ಅದಕ್ಕೆ. ಅಂದಿನಿಂದ ಹಗಲು ಬೂದಿ ಬಣ್ಣವಾಯಿತು. ಹಗ್ಗದ ಮೇಲೆ ಹರವಿದ ಪಾವುಡ ಒಣಗಲೇ ಇಲ್ಲ. ಎಷ್ಟು ಒಗೆದರೂ ಅದರಿಂದ ಮುಗ್ಗಲು ವಾಸನೆ ಏಳುತ್ತಿತ್ತು. ಆ ವಾಸನೆಯಲ್ಲಿ ಮಾಟವಿತ್ತು. ಆ ಪಾವುಡದಲ್ಲಿ ಮುಖ ಒರೆಸಿಕೊಂಡವರು ಗೋಡೆಯ ಕಡೆ ಹೊರಳಿ ಮಲಗಿಬಿಡುತ್ತಿದ್ದರು. ಕರೆದರೆ ಓಗೊಡುತ್ತಿರಲಿಲ್ಲ, ಉಣಿಸಿದರೆ ನುಂಗುತ್ತಿರಲಿಲ್ಲ.

ಮೊದಲು ಮಲಗಿದವಳು ಸಂಪಿ. ಮಾಚವ್ವ ತಾನೇ ನೀರು ಹಾಕಿ, ತಾನೇ ಒಗೆದ ಪಾವುಡದಿಂದ ಅವಳ ತಲೆ, ಮುಖ ಒರೆಸಿದ್ದಳು.

ಆಮೇಲೆ ರಾಣಿ ಮಲಗಿದಳು, ಬೀದಿಗೆ ಬೀದಿಯೇ ಮಲಗಿತು. ರಾಜ ಮಾಚವ್ವನನ್ನು ಕರೆಸಿದ. ಬೈಯಲಿಲ್ಲ, ಅವಳೆದುರು ಕೂತು ಅತ್ತ. ರಾಜನಿಗೇ ದಾರಿ ಕಾಣದಿದ್ದರೆ ಇನ್ನಾರಿಗೆ ಕಂಡೀತು ಎಂದುಕೊಳ್ಳುತ್ತ ಅವಳು ಮನೆಗೆ ಮರಳಿದಳು.

ಬಿಳಿಕೆರೆಯ ಚೌಳುಮಣ್ಣು ಹಾಕಿ ಕುದಿಸಿದರೆ ಎಂಥ ವಾಸನೆಯೂ ಬಿಡುತ್ತದೆಂದು ಹಿರಿಯರು ಹೇಳಿದರು. ಮಾಚವ್ವ ಹೋದಳು. ಕೆರೆ ಕಾಯುತ್ತಿದ್ದ ಹೆಬ್ಬಾವು ಮಣ್ಣಿಗೆ ಬದಲಾಗಿ ಅವಳ ಹಾಡು ಕೇಳಿತು. ಬಟ್ಟೆ ಒಗೆಯುತ್ತ ಹಾಡುತ್ತಿದ್ದ ಪದಗಳನ್ನೆಲ್ಲ ಕೊಟ್ಟಳು. ಚೌಳು ತಂದು ಕುದಿಸಿದಳು, ಹಿಂಡಿದಳು, ಹರವಿದಳು. ವಾಸನೆ ಹೋಯಿತು. ಸಂಜೆಯೊಳಗೆ ಮರಳಿ ಬಂತು.

ಹಾಗಾದರೆ ಹುಲಿಬನದ ನಿಂಬೆಯ ಹುಳಿಯೇ ಆಗಬೇಕು ಎಂದರು. ಮಾಚವ್ವ ಹೋದಳು. ಬನ ಕಾಯುತ್ತಿದ್ದ ಹುಲಿ ಅವಳ ಕೂದಲಿನ ಕಪ್ಪನ್ನೆಲ್ಲ ನೆಕ್ಕಿ ತೆಗೆದುಕೊಂಡಿತು. ಹುಳಿ ತಂದು ಅದ್ದಿದಳು, ಹಿಂಡಿದಳು, ಹರವಿದಳು. ವಾಸನೆ ಹೋಯಿತು. ಸಂಜೆಯೊಳಗೆ ಮರಳಿ ಬಂತು.

ಈ ಸಲ ಹಿರಿಯರು ಏನೂ ಹೇಳಲಿಲ್ಲ. ಅವರೂ ಮಲಗಿದ್ದರು.

ಮಾಚವ್ವ ಮಗಳ ಪಕ್ಕ ಕೂತಳು. "ನನ್ನ ಕೈಲಾಗಲಿಲ್ಲ ಮಗಾ," ಎಂದಳು. ತಾನೂ ಮುಖ ಒರೆಸಿಕೊಂಡು ಅವಳ ಮಗ್ಗುಲಲ್ಲೇ ಮಲಗಿಬಿಡೋಣವೆಂದು ಪಾವುಡ ಎತ್ತಿದಳು. ಆಗ ಸಂಪಿಯ ಕಿವಿಯ ಹಿಂದೆ ಬೂಷ್ಟು ಕಂಡಿತು. ಹಳೇ ರೊಟ್ಟಿಯ ಮೇಲೆ ಬರುವಂಥ ಬಿಳಿ ಬೂಷ್ಟು. ಸೆರಗಿನಿಂದ ಒರೆಸಿದಳು. ಅದು ಮತ್ತೆ ಬಂತು.

ಪಾವುಡ ಕೆಳಗಿಟ್ಟು ಮಬ್ಬುಗಿರಿ ಹತ್ತಿದಳು. ಆಸೆ ಇಟ್ಟುಕೊಂಡೇನೂ ಹತ್ತಲಿಲ್ಲ. ಮಗಳಿಗೆ ಬೂಷ್ಟು ಹಿಡಿಯುವುದನ್ನು ಕೂತು ನೋಡಲಾರದೆ ಹತ್ತಿದಳು.

ಬೆಟ್ಟದ ತುದಿಯ ಬಂಡೆಯ ಮೇಲೆ ಕಾವಳ ಒರಗಿದ್ದ. ಕಂಬಳಿಯ ಗಂಟು ಮೋಡದ ನೀರು ಕುಡಿದು ಅವನ ಪಕ್ಕದಲ್ಲಿ ಬಿದ್ದಿತ್ತು.

"ಬಿಸಿಲಿಗೆ ಬದಲಾಗಿ ಏನು ತಂದಿದ್ದೀ?" ಎಂದ.

"ಇನ್ನೇನೂ ಉಳಿದಿಲ್ಲ."

ಅವನು ಅವಳ ಬಿಳಿ ತಲೆಯನ್ನು, ಬರಿಗೈಯನ್ನು ನೋಡಿದ. "ಏನೂ ಇಲ್ಲದವಳ ಭಯ ನನಗೇಕೆ? ಅಳುವುದಿದ್ದರೆ ಅಲ್ಲೇ ಅಳು," ಎಂದು ಮಗ್ಗುಲು ಬದಲಿಸಿ ಕಣ್ಣು ಮುಚ್ಚಿದ.

ಅವಳು ನಿಜಕ್ಕೂ ಅತ್ತಳು. ಅಳುತ್ತಲೇ ಕಂಬಳಿಯ ಗಂಟನ್ನು ತಲೆಯ ಮೇಲಕ್ಕೆ ಎತ್ತಿ ಬಂಡೆಗೆ ಬಡಿದಳು. ಕರಿನೀರು ಚಿಮ್ಮಿತು. ಮತ್ತೆ ಬಡಿದಳು. ಅಂಗೈ ಒಡೆದು ರಕ್ತ ಬಂತು. ಕಾವಳ ಎದ್ದು ಅವಳ ಕಾಲು ಹಿಡಿದೆಳೆದ. ಬಿದ್ದಲ್ಲಿಂದಲೇ ಇನ್ನೊಮ್ಮೆ ಬಡಿದಳು. ಕಂಬಳಿ ಸೀಳಿತು. ಬಿಸಿಲು ಹೊಳೆಯಂತೆ ಹೊರಗೆ ಧುಮುಕಿತು, ಕಾವಳ ಅದರಲ್ಲಿ ಪುಡಿಯಾಗಿ ಗಾಳಿಗೆ ಹಾರಿಹೋದ.

ಗೆದ್ದೆ ಎಂದು ಮಾಚವ್ವನಿಗೆ ಅನ್ನಿಸಲಿಲ್ಲ. ತಡವಾಯಿತೇನೋ ಎಂದು ಬಿದ್ದು ಎದ್ದು ಬೆಟ್ಟ ಇಳಿದಳು. ಊರಿನ ಹಗ್ಗಗಳ ಮೇಲೆ ಪಾವುಡಗಳು ಹಪ್ಪಳದಂತೆ ಗರಿಗರಿಯಾಗಿದ್ದವು, ಮುಗ್ಗಲು ಹೋಗಿ ಬಿಸಿಲಿನ ವಾಸನೆ ಬರುತ್ತಿತ್ತು. ರಾಣಿ ಎದ್ದಿದ್ದಳು, ಬೀದಿಗಳು ಏಳುತ್ತಿದ್ದವು. ತೀರ ಮುದುಕರು ಕೆಲವರು ಏಳಲಿಲ್ಲ. ಅವರಿಗಾಗಿ ಮನೆಗಳಲ್ಲಿ ಅಳು ಕೇಳುತ್ತಿತ್ತು. ಆ ಅಳು ಕೇಳಿ ಅವಳಿಗೆ ತನ್ನ ಬಾಗಿಲು ತಳ್ಳಲು ಧೈರ್ಯ ಬರಲಿಲ್ಲ.

ಬಾಗಿಲು ಒಳಗಿನಿಂದ ತೆರೆಯಿತು. "ಅವ್ವಾ, ಹಸಿವು," ಎಂದಳು ಸಂಪಿ.

ಮಾಚವ್ವ ಒಲೆ ಹಚ್ಚಿದಳು. ಅವತ್ತು ಬೆಳ್ದಾವರೆಯ ಮನೆಮನೆಯಲ್ಲೂ ಒಲೆ ಉರಿಯಿತು. ಸತ್ತವರಿಗೆ ಎಡೆಯಿಟ್ಟು, ಇದ್ದವರೆಲ್ಲ ಹೊಟ್ಟೆ ತುಂಬ ಉಂಡರು, ಮುಂದೆ ಬಹುಕಾಲ ಸುಖವಾಗಿ ಬಾಳಿದರು.