ಯೋಧೆಯ ಮುಖ ಮುಚ್ಚಿದವನು

“ಈ ಮುಖ ಮುಚ್ಚಿಬಿಡಿ!”

ಮೊದಲ ಭೇಟಿಯಲ್ಲಿ ಕಥೆಗಾರನ ಬಾಯಿಂದ ಬಂದ ಮೊದಲ ಮಾತೇ ಇದು. ಚಿತ್ರ ಬಿಡಿಸಿ ತಂದವಳ ಎದೆ ಧಸಕ್ಕೆಂದಿತು...

ವರ್ಷವಿಡೀ ಫೋನಿನಲ್ಲೇ ಮಾತಾಡಿಕೊಂಡು ಇಬ್ಬರೂ ಒಂದು ಕಾಮಿಕ್ಸ್ ಪುಸ್ತಕ ಮಾಡುತ್ತಿದ್ದರು. ಅವನು ಬರೆಯುವುದು, ಇವಳು ಚಿತ್ರ ಬಿಡಿಸುವುದು. ಆ ದನಿಗೆ ನಮ್ಮ ಹುಡುಗಿ ಯಾವತ್ತೋ ಮನಸೋತಿದ್ದಳು, ಪಾಪ! ಹೇಳಲು ಧೈರ್ಯವಿಲ್ಲ. ಅದಕ್ಕೇ ಕಥೆಯ ಯೋಧೆಗೆ ತನ್ನದೇ ಮುಖ ಬಿಡಿಸಿ ತಂದಿದ್ದಳು, ಎಡಗೆನ್ನೆಯ ಸುಟ್ಟ ಕಲೆಯ ಸಮೇತ. ಅದನ್ನು ಒಪ್ಪಿದರೆ ತನ್ನನ್ನೂ ಒಪ್ಪಿದ ಹಾಗೆ ಅಂತ ಒಂದು ಹುಚ್ಚು ಲೆಕ್ಕ.

ಪ್ರಕಾಶಕರ ಕಚೇರಿಯ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತವನು ತಲೆಯನ್ನೇ ಎತ್ತಲಿಲ್ಲ.

“ಎದೆಗೆ ಉಕ್ಕಿನ ತಗಡು ಸರಿಯಾಗಿದೆ. ಒಳಗೆ ದಪ್ಪ ಹತ್ತಿ ಅಂಗಿಯೂ ಇದೆ. ಆದ್ರೆ ಈ ಮುಖ... ಛೆ, ನೋಡೋಕಾಗಲ್ಲ ನನಗೆ! ಪೂರ್ತಿ ಮುಚ್ಚೋ ಶಿರಸ್ತ್ರಾಣ ಹಾಕಿ.”

‘ನೋಡೋಕಾಗಲ್ವಂತೆ!’

“ಬೇರೆ ಯಾರ ಹತ್ರನಾದ್ರೂ ಬಿಡಿಸ್ಕೊಳ್ಳಿ!” ಎಂದವಳೇ ಹೊರಟುಬಿಟ್ಟಳು. ಅವನು ತಲೆ ಎತ್ತುವಷ್ಟರಲ್ಲಿ ಕಂಡದ್ದು ಅವಳ ಬೆನ್ನು ಮಾತ್ರ.

ಮರುದಿನ ಬೆಳಿಗ್ಗೆ ಅವಳ ಅಕ್ಕ ಮನೆಯ ಬಾಗಿಲಿಂದಲೇ ಕೂಗಿದಳು. “ಯಾರೋ ಡಬ್ಬ ತಲೆಗೆ ಹಾಕ್ಕೊಂಡು ಬಂದಿದ್ದಾನೆ ಕಣೇ! ಬೀದಿ ಮಕ್ಕಳೆಲ್ಲ ಹಿಂದೆ ಬಿದ್ದಿದ್ದಾರೆ!”

ರಟ್ಟಿನ ಶಿರಸ್ತ್ರಾಣ. ಅದರೊಳಗಿಂದ ಅದೇ ದನಿ!

“ವಿಳಾಸ ಪ್ರಕಾಶಕರು ಕೊಟ್ರು. ಕೈಯಲ್ಲಿ ತಂದ್ರೆ ನಜ್ಜುಗುಜ್ಜಾಗುತ್ತೆ ಅಂತ ಹಾಕ್ಕೊಂಡೇ ಬಂದೆ. ಸಿಟ್ಟು ಮಾಡ್ಕೋಬೇಡಿ. ನೋಡಿ, ಮುಖದ ಮುಚ್ಚಳಕ್ಕೆ ಕೀಲು ಇಟ್ಟಿದ್ದೀನಿ. ಬೇಕಾದಾಗ ಮೇಲೆತ್ತಬಹುದು...”

ಎತ್ತಿದ. ಅವಳನ್ನು ನೋಡಿದ. ಎಡಗೆನ್ನೆಯ ಕಲೆಯನ್ನೂ ನೋಡಿದ.

“ಅಯ್ಯೋ... ಅದು ನೀವಾ?”

“ಹೌದು. ನೋಡೋಕಾಗಲ್ಲ ಅಂದ್ರಲ್ಲ, ಅದೇ ಮುಖ.”

“ಮುಂದಿನ ಅಧ್ಯಾಯದಲ್ಲಿ ಬಾಣದ ಮಳೆ ಸುರಿಸಿದ್ದೀನಿ ರೀ ನಾನು! ಆ ಮುಖಕ್ಕೆ ಬಾಣ ನಾಟಿದ್ರೆ ಅಂತ ನೆನೆದೇ ಜೀವ ಹೋದ ಹಾಗಾಯ್ತು. ಅದನ್ನ ತೆರೆದಿಟ್ಟು ಯುದ್ಧಕ್ಕೆ ಹೇಗೆ ಕಳಿಸ್ಲಿ? ಅವಳು ವಾಪಸ್ ಬರ್ಬೇಕು ನನಗೆ...” ಅವನು ಒಂದು ಹೆಜ್ಜೆ ಮುಂದೆ ಬಂದ. “ನೀವು ಬರ್ಬೇಕು. ಫೋನಿಟ್ಟ ಮೇಲೂ ನಿಮ್ಮ ಜೊತೇನೇ ಮಾತಾಡ್ತಿರ್ತೀನಿ. ಇಷ್ಟು ದಿನ ಹೇಳೋಕೆ ಬಾಯಿ ಬರಲಿಲ್ಲ.”

ಅಕ್ಕ ಮೆಲ್ಲಗೆ ಒಳಗೆ ಜಾರಿಕೊಂಡಳು, ಜಾಣೆ.

ಅವಳಿಗೆ ಅಳು ತಡೆಯಲಾಗಲಿಲ್ಲ. ಅವನ ತಲೆಯಿಂದ ಶಿರಸ್ತ್ರಾಣ ಕಿತ್ತು ತಾನೇ ಹಾಕಿಕೊಂಡು ಮುಖದ ಮುಚ್ಚಳ ಎಳೆದುಕೊಂಡಳು. ಒಳಗೆ ಬಿಕ್ಕಳಿಕೆ.

“ಯುದ್ಧ ಮುಗೀತು ಕಣೇ,” ಅಂದ ಮೆತ್ತಗೆ. “ಎತ್ಲಾ?”

“ಹೂಂ...”

ಮುಚ್ಚಳ ಮೇಲೆತ್ತಿ, ಒದ್ದೆಯಾದ ಎಡಗೆನ್ನೆಯನ್ನು ಬೆರಳಿಂದ ಒರೆಸಿದ.

“ಈಗ ನೋಡೋಕಾಗುತ್ತಾ?”

“ಜನ್ಮವಿಡೀ.”