ತೊಳೆದ ಅಂಗಿ

2007ರ ಡಿಸೆಂಬರ್ 5, ಬುಧವಾರ, ಸಂಜೆ 5.20. ಯಶವಂತನಗರದ ನೀಲಗಂಗಮ್ಮ ಬರಿಗಾಲಲ್ಲಿ ಠಾಣೆಯ ಮೆಟ್ಟಿಲು ಹತ್ತಿದಳು. ಹೆಡ್ ಕಾನ್‌ಸ್ಟೇಬಲ್ ಉಚ್ಚೆಂಗೆಪ್ಪ ನೀರು ಕೊಟ್ಟ.

“ಕುಂದ್ರವ್ವ. ಏನಾತು?”

“ನನ್ನ ಮಗ ಬಸವಕುಮಾರಗ ಸಾಲಿ ಹಿಂದ ಹೊಟ್ಟಿಗಿ ಚುಚ್ಯಾರ್ರೀ. ಬಳ್ಳಾರಿ ದವಾಖಾನಿಗೆ ಒಯ್ದಾರ. ಎಸೆಸೆಲ್ಸಿ ಓದೋ ಕೂಸ್ರೀ.”

ಕಲಂ 307, ಕೊಲೆಯತ್ನ ಎಂದು ಎಫ್‌ಐಆರ್ ಆಯಿತು. ಸಬ್‌ಇನ್‌ಸ್ಪೆಕ್ಟರ್ ಶೈಲಜಾ ಹೈಸ್ಕೂಲಿನ ಕಾಂಪೌಂಡಿನ ಹಿಂದೆ ಪಂಚನಾಮೆ ಮಾಡಿದರು. ಸಿಕ್ಕಿದ್ದು ರಕ್ತ ಮೆತ್ತಿದ ದಬ್ಬಣ. ಅದಿರು ಲಾರಿಯ ತಾಡಪಾಲು ಹರಿದರೆ ಹೊಲಿಯುವಂಥದ್ದು. ಆ ಊರಲ್ಲಿ ದಬ್ಬಣವಿಲ್ಲದ ಮನೆಯನ್ನೇ ಹುಡುಕಬೇಕು.

“ಹುಡುಗರ ಜಗಳ, ಮೇಡಂ,” ಎಂದು ಹೆಡ್‌ಮಾಸ್ತರು ತಿಪ್ಪೆ ಸಾರಿಸಿದರು.

ಉಚ್ಚೆಂಗೆಪ್ಪನಿಗೆ ಮೈ ಉರಿಯಿತು. ಇಬ್ಬರು ಲಾರಿ ಧಣಿಗಳು ಹೈಸ್ಕೂಲನ್ನೇ ಎರಡು ಪಾಲು ಮಾಡಿಕೊಂಡಿದ್ದು ಊರಿಗೇ ಗೊತ್ತು. ಒಬ್ಬ ಹುಡುಗರಿಗೆ ಮೊಬೈಲ್ ಕೊಟ್ಟ, ಇನ್ನೊಬ್ಬ ಬೈಕ್ ಕೊಟ್ಟ. ಎದುರಾಳಿಯ ಲಾರಿಗೆ ತಿರುವಿನಲ್ಲಿ ನಿಂತು ಕಲ್ಲು ಹೊಡೆಯುವುದೇ ಪಾಠ. ಗುಡ್ಡ ತಿಂದವರಿಗೆ ಮಕ್ಕಳು ಯಾವ ಲೆಕ್ಕ!

ಮರುದಿನ ಬೆಳಿಗ್ಗೆ 9.40, ಪ್ರಾರ್ಥನೆ. ಉಚ್ಚೆಂಗೆಪ್ಪ ಸಾಲಿನ ಗುಂಟ ನಡೆದ. ಬಿಳಿ ಅಂಗಿ ಎಂಬುದು ಹೆಸರಿಗೆ, ಅದಿರಿನ ಧೂಳಿಗೆ ಎಲ್ಲವೂ ಕೆಂಪು. ತಾಯಂದಿರು ಭಾನುವಾರ ಒಮ್ಮೆ ಒಗೆದು ಕೈಚೆಲ್ಲುತ್ತಿದ್ದರು. ಆದರೆ ಗುರುವಾರ ಒಂದೇ ಒಂದು ಅಂಗಿ, ನೀಲಿ ಹಾಕಿದ್ದು, ಬೆಳ್ಳಗೆ ಹೊಳೆಯುತ್ತಿತ್ತು.

“ಹೆಸರೇನಪಾ?”

“ಎರ್ರಿಸ್ವಾಮಿ.”

“ಅಂಗಿ ಯಾವಾಗ ಒಗದ್ರು?”

ಹುಡುಗ ಅಂಗಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದ. ಹಿಂದಿನವ ಕಿಸಕ್ಕೆಂದ: “ನಾನೂ ಕೇಳಿದ್ನ್ರೀ, ಲೇ, ಇವತ್ತೇನು ನಿನ್ನ ಮದಿವೇನು ಅಂತ.”

ಮನೆಯಲ್ಲಿ ತಾಯಿ ಸುಂಕಲಮ್ಮ ಬಾಗಿಲಿಗೆ ಅಡ್ಡ ನಿಂತಳು. “ಬಟ್ಟಿ ಒಗದದ್ದೂ ತಪ್ಪೇನ್ರೀ?”

“ಟ್ಯಾಂಕರ್ ನೀರು, ಕುಡಿಯೋದು. ಎಷ್ಟು ಕೊಡ ಹೋತವ್ವ?”

“ಎರಡು,” ಎಂದವಳೇ ಸೆರಗು ಬಾಯಿಗಿಟ್ಟು ಕುಸಿದಳು.

ಒಳಗೆ ಹೊರಸಿನ ಮೇಲೆ ಡ್ರೈವರ್ ಮಾರೆಪ್ಪ, ಹುಡುಗನ ಅಪ್ಪ. ಎಡಗಣ್ಣಿಗೆ ಬ್ಯಾಂಡೇಜು.

ಠಾಣೆಯಲ್ಲಿ ಪಂಚರ ಮುಂದೆ ಹುಡುಗನ ಅಂಗಿ ಕಳಚಿಸಿದಾಗ ಮಡಿಕೆಯ ಹೊಲಿಗೆಯೊಳಗೆ ರಕ್ತದ ಕಲೆ ಉಳಿದಿತ್ತು.

“ಅಪ್ಪನ ಲಾರಿಗೆ ಕಲ್ಲು ಒಗದವ ಬಸವಾನೇ ಮೇಡಂ,” ಎಂದ ಎರ್ರಿಸ್ವಾಮಿ. “ನಾವಿಬ್ರೂ ಒಂದೇ ಬೆಂಚು. ಲಾರ್ಯಾಗ ನಿಮ್ಮಪ್ಪ ಅದಾನಂತ ಗೊತ್ತಿರಲಿಲ್ಲಲೇ ಅಂತ ಅತ್ತ. ನಾನೂ ಬಿಟ್ಟಿದ್ದೆ. ನಮ್ಮ ಧಣಿ ಬಿಡಲಿಲ್ಲ. ‘ಅಪ್ಪನ ಕಣ್ಣು ಹೋದ್ರೂ ಸುಮ್ಮನಿದ್ದೀಯಲ್ಲಲೇ, ಬಳಿ ತೊಟ್ಕೋ’ ಅಂದ.”

ಹದಿನೈದರ ಹುಡುಗ, ಬೇಡಿ ಹಾಕಲಿಲ್ಲ. ಬಾಲನ್ಯಾಯ ಮಂಡಳಿಗೆ ಒಯ್ಯಲು ಜೀಪು ಹೊರಟಾಗ 11.40. ಶೈಲಜಾರ ಮೊಬೈಲಿಗೆ ಬಳ್ಳಾರಿಯಿಂದ ಕರೆ ಬಂತು. ಕೇಳಿ, ಉಚ್ಚೆಂಗೆಪ್ಪನತ್ತ ತಿರುಗಿ ಮೆಲ್ಲಗೆ, “ಮುನ್ನೂರಾ ಎರಡು,” ಎಂದರು. ಕೊಲೆ. ಧಣಿಯ ಹೆಸರನ್ನು ಉಚ್ಚೆಂಗೆಪ್ಪ ಹೇಳಿಕೆಯಲ್ಲಿ ಬರೆದುಕೊಂಡಿದ್ದ. ಚಾರ್ಜ್‌ಶೀಟಿನವರೆಗೆ ಆ ಹೆಸರು ಬದುಕುವುದಿಲ್ಲವೆಂದು ಇಪ್ಪತ್ತು ವರ್ಷದ ನೌಕರಿ ಹೇಳುತ್ತಿತ್ತು.

ಕ್ರಾಸಿನಲ್ಲಿ ಜೀಪು ನಿಂತಿತು. ಇಬ್ಬರು ಧಣಿಗಳ ಲಾರಿಗಳೂ ಒಂದರ ಹಿಂದೊಂದು, ತಂಟೆ ತಕರಾರಿಲ್ಲದೆ, ಹೊಸಪೇಟೆ ಕಡೆ ಸಾಗಿದ್ದವು. ಉಚ್ಚೆಂಗೆಪ್ಪ ತನ್ನ ತೋಳಿನ ಕೆಂಧೂಳು ನೋಡಿಕೊಂಡ. ಆ ತಾಯಿ ಒಗೆಯದೇ ಬಿಟ್ಟಿದ್ದರೆ, ರಕ್ತವನ್ನು ತಾನೂ ಮಣ್ಣೇ ಅಂದುಕೊಂಡು ಮುಂದೆ ಹೋಗುತ್ತಿದ್ದ.

“ಸರ್,” ಹುಡುಗ ಕೇಳಿದ, “ಬಸವ ಉಳದಾನಲ್ರೀ?”

ಲಾರಿಗಳು ಮುಗಿಯಲಿ ಎಂದು ಉಚ್ಚೆಂಗೆಪ್ಪ ಕಾದ. ಅವು ಮುಗಿಯಲಿಲ್ಲ.