ಒದ್ದೆ ಬುಟ್ಟಿಯ ಕಿತ್ತಳೆ

ಕತ್ತಿಯ ಅಲಗು ನನ್ನ ಕುತ್ತಿಗೆಗೆ ತಾಗಿತು.

"ಅಲ್ಲಾಡಿದ್ರೆ ತಲೆ ಉರುಳ್ತದೆ!"

ಗಾಡಿ ಹೊಡೆಯುವ ಬೀರ. ಅವನ ಕೈ ಗಡಗಡ ನಡುಗುತ್ತಿತ್ತು. ನಡುಗುವ ಕೈಯ ಕತ್ತಿಯೇ ಹೆಚ್ಚು ಅಪಾಯ... ಬಿಳಿ ದೊರೆಗಳ ಪೊಲೀಸ್ ಕೆಲಸ ಬಿಟ್ಟು ಬಂದವನು ನಾನು, ಅಷ್ಟು ಗೊತ್ತು!

ಅವನ ಎತ್ತಿನ ಗಾಡಿಯಲ್ಲೇ, ಕಿತ್ತಳೆ ಬುಟ್ಟಿಗಳ ಸಂದಿಯಲ್ಲಿ ಅಡಗಿ ಕೂತಿದ್ದೆ. ಪತ್ತೇದಾರಿಗೆಂದು ದುಡ್ಡು ಕೊಟ್ಟು ಕಳಿಸಿದವನು ಸುಂಟಿಕೊಪ್ಪದ ಸಾಹುಕಾರ ಮಹದೇವಪ್ಪ. ಅವನ ಹಣ್ಣು ಮೈಸೂರು ಮುಟ್ಟುವಷ್ಟರಲ್ಲಿ ಅರ್ಧಕ್ಕರ್ಧ ಕೊಳೆಯುತ್ತಿತ್ತು.

"ಬೀರನೇ ಏನೋ ಮಾಡ್ತಾನೆ, ನಾಣಯ್ಯ. ಹಿಡ್ಕೊಡು. ಮಿಕ್ಕಿದ್ದು ಧರ್ಮಪಾಲ ನೋಡ್ಕೋತಾನೆ" ಎಂದಿದ್ದ.

ಧರ್ಮಪಾಲ ಅವನ ಬಂಟ. ಕೋವಿ ಬಿಟ್ಟು ಊಟಕ್ಕೂ ಕೂರದವನು.

ನಾನು ಮೆಲ್ಲಗೆ ಬುಟ್ಟಿಯೊಳಗೆ ಕೈ ಹಾಕಿದೆ. ಹಣ್ಣಿಗೆ ಹೊದಿಸಿದ ಎಲೆ ಒದ್ದೆ. ಹಣ್ಣೂ ಒದ್ದೆ! ಹೀಗೆ ಒದ್ದೆಯಾಗಿ ಬಿಗಿದು ಕಟ್ಟಿದರೆ ಬೂಷ್ಟು ಹಿಡಿಯದೆ ಇನ್ನೇನು?

"ಈ ನೀರು ಎಲ್ಲಿಂದ ಬಂತೋ?"

"ನಾನೇ ಹಾಕಿದ್ದು! ನಾನೇ!"

"ಸುಳ್ಳು. ಯಾರು ಹೇಳು!"

ಕತ್ತಿ ಕೆಳಗಿಳಿಯಿತು.

"ಚೋಮಿ..."

ಅವನ ಹೆಂಡತಿ. ಮಹದೇವಪ್ಪನ ಹಣ್ಣಿನ ಮಂಡಿಯಲ್ಲಿ ಬುಟ್ಟಿ ಕಟ್ಟುವವಳು.

"ಅವ್ಳಪ್ಪಂದು ವೀಳ್ಯದೆಲೆ ವ್ಯಾಪಾರ. ಎಲೆಗೆ ನೀರು ಚಿಮುಕ್ಸಿ ಕಟ್ಟೋದೇ ಅವ್ಳು ಕಂಡಿರೋದು. ಹಣ್ಣಿಗೂ ದಾರೀಲಿ ಬಾಯಾರ್ತದೆ ಅಂತಾಳೆ."

"ಬ್ಯಾಡ ಅನ್ನೋಕೇನಾಗಿತ್ತೋ ನಿಂಗೆ?"

"ಮಗ ಸತ್ತೋದ್ಮೇಲೆ ಅವ್ಳು ಮೂಲೆ ಬಿಟ್ಟು ಎದ್ದಿದ್ದೇ ಈ ಬುಟ್ಟಿ ಕಟ್ಟೋಕೆ ನಾಣಯ್ಯನೋರೇ. ನಿನ್ ಕೈಯಿಂದ್ಲೇ ಕೊಳೀತು ಅಂತ ಹೆಂಗನ್ಲಿ?"

ಒದ್ದೆ ಎಲೆಗಳನ್ನು ಬುಟ್ಟಿಯೊಳಕ್ಕೇ ಒತ್ತಿ ಮುಚ್ಚಿಟ್ಟೆ. ಈ ಕಸುಬಿನಲ್ಲಿ ಹಾಗೆ ಮಾಡಬಾರದು.

ಹಿಂದೆ ಹಾರ್ನ್! ಮಹದೇವಪ್ಪನ ಮೋಟಾರು!

"ಓಡಿಸ್ಬೇಡ ಬೀರ! ನಾನು ಮಾತಾಡ್ತೀನಿ!"

ಕೇಳಿದರೆ ತಾನೇ? ಎತ್ತುಗಳ ಬಾಲ ತಿರುಚಿಯೇಬಿಟ್ಟ. ಫ್ರೇಜರ್‌ಪೇಟೆ ರೋಡಿನ ಇಳಿಜಾರು. ಗಾಡಿ ಎಗರಿತು. ಬುಟ್ಟಿಗಳು ಉರುಳಿದವು. ರಸ್ತೆ ತುಂಬ ಕಿತ್ತಳೆ!

ಮೋಟಾರಿನಲ್ಲಿದ್ದ ಧರ್ಮಪಾಲ ಬೆದರಿಸಲೆಂದು ಆಕಾಶಕ್ಕೆ ಗುಂಡು ಹಾರಿಸಿದ.

ಢಂ!

ಎತ್ತುಗಳು ಹುಚ್ಚೆದ್ದವು. ಗಾಡಿ ಮಗುಚಿತು. ನಾನು ಪೊದೆಗೆ ಬಿದ್ದೆ... ಬೀರ ಚಕ್ರದಡಿಗೆ.

ಅವನ ತಲೆ ತೊಡೆಯ ಮೇಲಿಟ್ಟುಕೊಂಡೆ. ತುಟಿ ಅಲುಗಿತು.

"ಅವ್ಳಿಗೆ... ಹೇಳ್ಬ್ಯಾಡಿ..."

ಅಷ್ಟೇ.

ಮಹದೇವಪ್ಪ ಏದುಸಿರು ಬಿಡುತ್ತ ಬಂದ. "ಇವನೇ ತಾನೇ?"

"ಅಲ್ಲ."

"ಮತ್ಯಾರು?"

"ಯಾರೂ ಅಲ್ಲ! ಹಣ್ಣು ಗಾಳಿಗೆ ಆರಿಸಿ, ಒಣಹುಲ್ಲು ಹಾಕಿ ಕಟ್ಸಿ. ಕೊಳೆಯಲ್ಲ. ಈಗ ದಾರಿ ಬಿಡಿ!"

ಹೆಣದ ಜೊತೆ ನಾನೇ ಹೋದೆ. ಚೋಮಿ ಮಂಡಿಯಲ್ಲಿ ನೀರು ಚಿಮುಕಿಸುತ್ತ ಮರುದಿನದ ಬುಟ್ಟಿ ಕಟ್ಟುತ್ತಿದ್ದಳು. ಎದ್ದು ಬಂದಳು. ಗಂಡನ ಮುಖವನ್ನು ಸೆರಗಿನಿಂದ ಒರೆಸಿದಳು, ಒರೆಸುತ್ತಲೇ ಇದ್ದಳು. ನನಗೆ ನಿಂತು ನೋಡಲಾಗಲಿಲ್ಲ. ಹೊರಡುವಾಗ ಕೇಳಿದಳು.

"ಹಣ್ಣು ಕೊಳೆಸಿದ್ದು ನನ್ ಗಂಡ ಅಲ್ಲ ಅಲ್ವಾ ಸ್ವಾಮಿ?"

"ಅಲ್ಲ ತಾಯಿ."

"ಮತ್ತೆ ಯಾರು?"

"ಮಳೆ."

ಅವಳು ಆಕಾಶ ನೋಡಿದಳು. ತಿಂಗಳಿಂದ ಒಂದು ಹನಿ ಬಿದ್ದಿರಲಿಲ್ಲ. ಆಮೇಲೆ ತನ್ನ ಒದ್ದೆ ಕೈ ನೋಡಿಕೊಂಡಳು.

ಸುಳ್ಳು ಹೇಳಿಯೇ ಹೊಟ್ಟೆ ಹೊರೆದವನು ನಾನು... ಬೇಕಾದ ದಿನ ಒಂದೂ ನೆಟ್ಟಗೆ ಬರಲಿಲ್ಲ ನೋಡಿ!